ಮೂರನೇ ಕ್ಲಾರಿನೆಟ್ಟಿನ ಹಾಳೆ

ಚರ್ಚಿನ ಅಂಗಳದಲ್ಲಿ ಬ್ಯಾಂಡಿನವರಿಗೆ ಸ್ವರದ ಹಾಳೆ ಹಂಚುತ್ತ ಬಂದ ಹೊಸ ನಿರ್ದೇಶಕಿ ತುವಾ, ಸಿಗ್ನೆಯ ಎದುರು ಬಂದು ನಿಂತುಬಿಟ್ಟಳು. ಹಾಳೆ ಕೊಡಲಿಲ್ಲ.

"ಕೊಡೇ, ಇನ್ನೇನು ಹಾಲ್ವರ್‌ನ ಹೊತ್ಕೊಂಡು ಬಂದ್ಬಿಡ್ತಾರೆ," ಎಂದಳು ಸಿಗ್ನೆ.

"ಇದು ನಾನು ಆರಿಸಿದ್ದಲ್ಲ ಅಕ್ಕ. ಆಸ್ಪತ್ರೇಲಿ ಬ್ಯಾಂಡು ನನ್ನ ಕೈಗೆ ಕೊಟ್ಟಾಗ ಹಾಲ್ವರ್ ಅವರೇ ಹೇಳಿದ್ದು. ನನ್ನ ಹೂಳೋ ದಿನ ಇದನ್ನೇ ನುಡಿಸಿ ಅಂತ. ಉಳಿದವರಿಗೆ ಅಭ್ಯಾಸ ಮಾಡ್ಸಿದ್ದೀನಿ, ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಸಿಗ್ನೆ ಹಾಳೆಯನ್ನು ಕಿತ್ತುಕೊಂಡಳು. ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಸ್ವರಗಳು. ಮೂರನೇ ಕ್ಲಾರಿನೆಟ್ಟಿನ ಹಾಳೆ ಇಷ್ಟು ಕಪ್ಪಗಿದ್ದುದನ್ನು ಅವಳು ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಮೂಲೆಯಲ್ಲಿ ಹಳೆಯ ನಿರ್ದೇಶಕ ಹಾಲ್ವರ್‌ನ ನಡುಗುವ ಪೆನ್ಸಿಲ್ ಅಕ್ಷರ: 'ಸಿಗ್ನೆ, ಇದೊಂದು ಸಲ.'

ಹಿಂದಿನಿಂದ ಟ್ರಂಪೆಟ್ಟಿನ ಶೆಲ್ ನಕ್ಕ. "ಅಂತೂ ಸತ್ತ ಮೇಲೆ ಮುದುಕನಿಗೆ ಧೈರ್ಯ ಬಂತು ನೋಡಿ! ಇಷ್ಟು ವರ್ಷ ಬರೀ ಬಾಲಪಾಠ ಊದ್ಸಿ ನಮ್ಮ ಪ್ರಾಣ ತೆಗೆದ."

ಬೇರೆ ದಿನವಾಗಿದ್ದರೆ ಸಿಗ್ನೆಯೂ ನಗುತ್ತಿದ್ದಳು.

*

ಮೀನಿನ ಕಾರ್ಖಾನೆಯ ಯಂತ್ರ ಬಲಗೈಯ ಕೊನೆಯ ಎರಡು ಬೆರಳು ತಿಂದಾಗ ಅವಳಿಗೆ ಇಪ್ಪತ್ತೊಂಬತ್ತು. ಬ್ಯಾಂಡಿನ ಕ್ಲಾರಿನೆಟ್ಟನ್ನು ಹಿಂದಿರುಗಿಸಲು ಹೋದಳು. ಹಾಲ್ವರ್ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ.

"ಉಳಿದ ಬೆರಳಲ್ಲಿ ಯಾವ್ಯಾವ ಸ್ವರ ಬರುತ್ತೆ, ನುಡಿಸು."

ಅವಳು ಅಳುತ್ತಲೇ ನುಡಿಸಿದಳು. ಅವನು ಒಂದು ಚೀಟಿಯಲ್ಲಿ ಬರೆದುಕೊಂಡ. "ಸೋಮವಾರ ಅಭ್ಯಾಸಕ್ಕೆ ಬಾ" ಎಂದ.

ಆಮೇಲೆ ಅವನು ಆರಿಸಿ ತಂದ ಪ್ರತಿ ಕೃತಿಯೂ ಅವಳ ಕೈಗೆ ದಕ್ಕಿತು. ನನ್ನ ಹಟದಿಂದಲೇ ಗೆದ್ದೆ ಎಂದುಕೊಂಡಳು, ಪಾಪ. ಬ್ಯಾಂಡು ಸ್ಪರ್ಧೆಗಳಿಗೆ ಹೋಗುವುದನ್ನು ಬಿಟ್ಟಿತು. ಮೇ ಹದಿನೇಳರ ರಾಷ್ಟ್ರೀಯ ದಿನದ ಮೆರವಣಿಗೆಯೊಂದೇ ಉಳಿಯಿತು. ಚೆನ್ನಾಗಿ ನುಡಿಸುವವರು ಪಕ್ಕದ ಪಟ್ಟಣ ಸೇರಿಕೊಂಡರು. ವಾರ್ಷಿಕ ಸಭೆಯಲ್ಲಿ, "ಹಾಲ್ವರ್‌ಗೆ ಎದೆಗಾರಿಕೆ ಇಲ್ಲ, ಸಪ್ಪೆದನ್ನೇ ಹುಡುಕಿ ತರ್ತಾನೆ" ಎಂದು ಎದ್ದು ನಿಂತು ಹೇಳಿದವಳೂ ಅವಳೇ. ಅವನು ತಲೆ ತಗ್ಗಿಸಿ ಕಾಫಿ ಕುಡಿದ.

*

"ಅವರ ಕಪಾಟಲ್ಲಿ ಇಂಥವು ಇನ್ನೂ ಅರವತ್ತಿವೆ," ತುವಾ ಮೆಲ್ಲಗೆ ಹೇಳಿದಳು. "ತರಿಸಿ, ಓದಿ, ಪಕ್ಕಕ್ಕಿಟ್ಟಿದ್ದಾರೆ. ಎಲ್ಲದರ ಮೇಲೂ ಒಂದೇ ಮಾತು. ಸಿಗ್ನೆಗೆ ಆಗದು."

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಸಿಗ್ನೆಗೆ. ಒಂದು ಮಾತು ಹೇಳಬಾರದಿತ್ತೇ ಪಾಪಿ, ಎಂದು ಸತ್ತವನನ್ನೇ ಬೈದುಕೊಂಡಳು.

"ನೀವು ಕೂತ್ಕೊಳ್ಳಿ ಅಕ್ಕ. ಯಾರೂ ಏನೂ ಅನ್ಕೊಳ್ಳಲ್ಲ."

"ಅವನು ಮೂವತ್ತೊಂದು ವರ್ಷ ಕಾದ. ನಂಗೆ ಐದು ನಿಮಿಷ ನಿಲ್ಲೋಕಾಗಲ್ವೇನೆ?"

ಶವಪೆಟ್ಟಿಗೆ ಬಂತು. ತುವಾ ಕೈಯೆತ್ತಿದಳು. ಸಿಗ್ನೆ ಕ್ಲಾರಿನೆಟ್ಟನ್ನು ತುಟಿಗಿಟ್ಟುಕೊಂಡಳು, ಊದಲಿಲ್ಲ. ಸರಿಯಾದ ಹೊತ್ತಿಗೆ ಹಾಳೆ ತಿರುವಿದಳು. ಈ ಬ್ಯಾಂಡು ಇಷ್ಟು ಚೆನ್ನಾಗಿ ನುಡಿಸಬಲ್ಲದೆಂದು ಊರಿಗೇ ಗೊತ್ತಿರಲಿಲ್ಲ. ಅವಳಿಲ್ಲದೆ ಏನೂ ಕಡಿಮೆಯಾಗಲಿಲ್ಲ.

ಮಣ್ಣು ಹಾಕಿದ ಮೇಲೆ ಎಲ್ಲರೂ ವಾದ್ಯಗಳನ್ನು ಬಗ್ಗಿಸಿ, ಒಳಗೆ ಕೂತ ಉಸಿರಿನ ನೀರನ್ನು ಹುಲ್ಲಿನ ಮೇಲೆ ಬಸಿದರು. ಸಿಗ್ನೆಯೂ ಕ್ಲಾರಿನೆಟ್ಟು ಬಿಚ್ಚಿ, ಕೊಳವೆಯೊಳಗಿಂದ ಒರೆಸುವ ಬಟ್ಟೆ ಎಳೆದಳು. ಬಟ್ಟೆ ಒಣಗಿದಂತೆಯೇ ಹೊರಬಂತು. ಅವಳು ಇನ್ನೊಮ್ಮೆ ಎಳೆದಳು.