ಐದನೇ ಭಾಗದ ಕೊನೇ ಸಾಲು

ನನ್ನ ಲೈಬ್ರರಿಯ ಪ್ರತಿ ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಒಂದು ಗೆರೆಹಾಳೆ ಅಂಟಿಸಿರುತ್ತದೆ. ಓದಿದವರು ತಮಗನ್ನಿಸಿದ್ದನ್ನು ಅದರ ಮೇಲೆ ಬರೆದು ಕೆಳಗೆ ಒಂದು ಅಡ್ಡಹೆಸರು ಹಾಕಬಹುದು. ನಿಜವಾದ ಹೆಸರು ಹಾಕಬಾರದು, ಬೈಗುಳ ಬರೆಯಬಾರದು, ಕಥೆಯ ಕೊನೆ ಹೇಳಬಾರದು. ಈ ಮೂರು ನಿಯಮ ಮಾಡಿದವಳು ನಾನೇ. ಮೊದಲನೆಯದನ್ನು ಬಿಟ್ಟರೆ ಉಳಿದೆರಡನ್ನು ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಪಾಲಿಸಿಲ್ಲ.

ಹಾಳೆಯಲ್ಲಿ ಮೂವತ್ತು ಗೆರೆ. ತುಂಬಿದ ಕೂಡಲೇ ಪುಸ್ತಕ ಎರಡು ಬೀದಿ ಆಚೆ ಬೈಂಡರಣ್ಣನ ಮನೆಯಲ್ಲೇ ಇರುವ ಕೆಲಸದ ಮೇಜಿಗೆ ಹೋಗುತ್ತದೆ. ಅವರು ಸಡಿಲವಾದ ಹೊಲಿಗೆ ಬಿಗಿಮಾಡಿ, ಹಳೆಯ ಹಾಳೆಯ ಮೇಲೆ ಹೊಸದೊಂದನ್ನು ಅಂಟಿಸಿ ವಾಪಸು ಕಳಿಸುತ್ತಾರೆ. ಹಳೇ ಜಗಳ ಮುಚ್ಚಿದರೆ ತಾನೇ ಹೊಸ ಜಗಳಕ್ಕೆ ಜಾಗ? ಬೈಂಡರಣ್ಣ ಮಿತಭಾಷಿ. ಮಿತಭಾಷಿ ಅನ್ನುವುದೂ ಜಾಸ್ತಿಯಾಯಿತು. ಪುಸ್ತಕ ಕೊಟ್ಟರೆ 'ಹೂಂ', ತಗೊಂಡರೆ 'ಆಯ್ತು', ಅಷ್ಟೇ. ಅವರ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕಲ್ಲಿಂದ ನಾರು ತೆಗೆಯುವುದು ಸುಲಭ.

ನಮ್ಮಲ್ಲಿ ಹೆಚ್ಚು ಹರಿದುಹೋಗುವುದು 'ಬೆಳ್ಳಿಕೊಳದ ಕಿನ್ನರರು' ಮಾಲೆಯ ಪುಸ್ತಕಗಳು. ರೆಕ್ಕೆ ಇರುವ ಕಿನ್ನರರ ದೊರೆ, ಅವನ ಕೈಗೆ ಸಿಕ್ಕ ಮನುಷ್ಯರ ಹುಡುಗಿ, ಮಿಕ್ಕಿದ್ದು ನಿಮಗೇ ಗೊತ್ತಾಗುತ್ತದೆ. ಮೂರನೇ ಭಾಗವನ್ನು ಮೇಜಿನ ಮೇಲಿಟ್ಟರೆ ನೂರ ಹನ್ನೆರಡನೇ ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ. ಬೈಂಡರಣ್ಣ ಆ ಪುಟವನ್ನು ನಾಲ್ಕು ಸಲ ಹೊಲಿದಿದ್ದಾರೆ. ಅದೊಂದೇ ಪುಟ ಯಾಕೆ ಸಡಿಲವಾಗುತ್ತದೆ ಎಂದು ಒಮ್ಮೆಯೂ ಕೇಳಿಲ್ಲ. ಪುಸ್ತಕ ಒಯ್ಯುವ ಹೆಂಗಸರು ಮಾತ್ರ ಮೇಲೊಂದು ಅಡುಗೆ ಪುಸ್ತಕ ಇಟ್ಟುಕೊಂಡೇ ಬಾಗಿಲು ದಾಟುವುದು.

ಎರಡು ವರ್ಷ ಕಾಯಿಸಿ ಐದನೇ ಭಾಗ ಬಂದಾಗ ಊರಿಗೆ ಊರೇ ನನ್ನ ಬಾಗಿಲಲ್ಲಿತ್ತು. ಒಂದು ವಾರದೊಳಗೆ ಹಿಂಬದಿ ಹಾಳೆಗೆ ಬೆಂಕಿ ಬಿತ್ತು. ಈ ಭಾಗದಲ್ಲಿ ದೊರೆಗೆ ಶಾಪ: ಅವಳನ್ನು ಮುಟ್ಟಿದರೆ ಅವನ ರೆಕ್ಕೆ ಸುಟ್ಟುಹೋಗುತ್ತದೆ. ಹಾಗಾಗಿ ಅವನು ಪ್ರತಿ ಸಂಜೆ ಬಂದು ಕೊಳದ ಆಚೆ ದಡದಲ್ಲಿ ಕೂರುತ್ತಾನೆ. "ಇವತ್ತು ಏನೇನಾಯ್ತು, ಹೇಳು" ಅನ್ನುತ್ತಾನೆ. ಅವಳು ಹೇಳುತ್ತಾಳೆ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಹನ್ನೆರಡು ಪುಟ ಅದೇ: ರವಿಕೆಯ ತೋಳು ಹರಿದದ್ದು, ಹಾಲು ಉಕ್ಕಿದ್ದು, ಕಿಟಕಿಗೆ ಬಂದ ಹಕ್ಕಿ ಹಾರಿಹೋದದ್ದು.

'ಮುನ್ನೂರು ಪುಟ, ಒಂದೇ ಒಂದು ಮುತ್ತಿಲ್ಲ' ಎಂದು 'ನಿದ್ದೆಗೆಟ್ಟವಳು' ಬರೆದಳು. 'ಹಾಲು ಉಕ್ಕಿದ ಕಥೆ ನಮ್ಮನೇಲೇ ದಿನಾ ನಡೆಯುತ್ತೆ, ಅದಕ್ಕೆ ರೆಕ್ಕೆ ಯಾಕೆ ಬೇಕು' ಎಂದು 'ಅತ್ತೆಗೆ ಹೇಳಬೇಡಿ' ಕೇಳಿದಳು. 'ದೊರೆ ಮುದುಕನಾದ' ಎಂದು ಮತ್ತೊಬ್ಬಳು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಳು. ನಾನು ಕೌಂಟರಿನ ಹಿಂದೆ ಕೂತು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಒಬ್ಬಳು ಮಾತ್ರ ಇನ್ನೂ ಪುಸ್ತಕ ಒಯ್ದಿರಲಿಲ್ಲ. ಅವಳು ಬೈಂಡರಣ್ಣನ ಹೆಂಡತಿ, ನನಗಿಂತ ಮೂರು ವರ್ಷ ಚಿಕ್ಕವಳು. ಅವಳ ಅಡ್ಡಹೆಸರು 'ಕೊನೆಸಾಲು'. ಅವಳದ್ದೊಂದು ವಿಚಿತ್ರ ಹಟವಿತ್ತು. ಹಾಳೆಯಲ್ಲಿ ಕೊನೆಯ ನಾಲ್ಕೈದು ಗೆರೆ ಮಾತ್ರ ಉಳಿದಿರುವ ಪ್ರತಿಯೇ ಅವಳಿಗೆ ಬೇಕು. ಬಂದವಳೇ ಹಿಂಬದಿ ರಟ್ಟು ತೆರೆದು ನೋಡುತ್ತಿದ್ದಳು. "ಇನ್ನೂ ತುಂಬಿಲ್ಲ, ತುಂಬ್ತಾ ಬಂದಾಗ ಎತ್ತಿಡಿ ಅಕ್ಕ" ಎಂದು ಹೋಗುತ್ತಿದ್ದಳು. ಕೊನೇ ಮಾತು ತನ್ನದೇ ಆಗಬೇಕು ಅನ್ನುವ ಜಾತಿ ಇದು ಎಂದು ನಾನು ರೇಗಿಸುತ್ತಿದ್ದೆ. ಮನೆಯಲ್ಲಿ ಮೊದಲ ಮಾತೂ ಇಲ್ಲ, ಇಲ್ಲಾದರೂ ಕೊನೇದು ಇರಲಿ ಎಂದು ನಗುತ್ತಿದ್ದಳು. ಅವಳು ಬರೆಯುತ್ತಿದ್ದದ್ದು ನೀಲಿ ಪೆನ್ಸಿಲಿನಲ್ಲಿ, ಮನೆಯಿಂದಲೇ ಬರೆದು ತರುತ್ತಿದ್ದಳು.

ಐದನೇ ಭಾಗಕ್ಕಾಗಿ ಅವಳು ಎರಡು ತಿಂಗಳು ಕಾದಳು. ಹಿಂದೆ ಇಷ್ಟು ಕಾದವಳಲ್ಲ. ನಡುವೆ ಮೂರು ಸಲ ಪುಸ್ತಕವನ್ನು ಅವಳ ಕೈಯಲ್ಲೇ ಇಟ್ಟೆ, ಮೊದಲು ಓದು, ಆಮೇಲೆ ಬರೆ ಅಂದೆ. ಬೇಡ ಅಂದಳು. ಮುಖ ಇಳಿದಿತ್ತು. ಎರಡು ವರ್ಷದಿಂದ ಅವಳು ನಗುವುದು ಕಡಿಮೆಯಾಗಿದ್ದನ್ನು ನಾನೂ ಕಂಡಿದ್ದೆ. ವಯಸ್ಸು ಅಂದುಕೊಂಡು ಸುಮ್ಮನಾಗಿದ್ದೆ. ಕೊನೆಗೆ ಹಾಳೆಯಲ್ಲಿ ಐದು ಗೆರೆ ಉಳಿದ ದಿನ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಹೋದಳು.

ಅದಾಗಿ ಒಂಬತ್ತನೇ ದಿನ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ತಂತಿ ಹಿಡಿದುಕೊಂಡೇ ಕುಸಿದಳಂತೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಹೋದಾಗ ಬೈಂಡರಣ್ಣ ಬಾಗಿಲ ಪಕ್ಕ ನಿಂತು ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದರು. ಒದ್ದೆ ಬಟ್ಟೆ ಬಕೆಟ್ಟಿನಲ್ಲಿ ಹಾಗೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ, ಕೊನೆಗೆ ನಾನೇ ಹಿಂಡಿ ಒಣಹಾಕಿ ಬಂದೆ. ದಾರಿಯುದ್ದಕ್ಕೂ ಅತ್ತೆ.

ಒಂದು ತಿಂಗಳ ಮೇಲೆ ಬೈಂಡರಣ್ಣ ಐದನೇ ಭಾಗವನ್ನು ಕಾಗದದಲ್ಲಿ ಸುತ್ತಿ ತಂದರು. ಅವಳ ದಿಂಬಿನ ಪಕ್ಕ ಇತ್ತು, ನಿಮ್ಮದು ಅಂದರು. ಕೊಟ್ಟು ಹೋಗುವವರು ಹೋಗಲಿಲ್ಲ. ಕಪಾಟಿನ ಕಡೆ ನೋಡುತ್ತಾ ನಿಂತರು. ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಂದ ಕೇಳಿದ ಅತಿ ಉದ್ದದ ಮಾತು ಆಮೇಲೆ ಬಂತು.

"ಅಕ್ಕಾವ್ರೇ, ಅವಳು ನಿಮ್ಮ ಹತ್ರ ಮಾತಾಡ್ತಿದ್ಲಲ್ಲ. ನನ್ನ ಮೇಲೆ ಏನಾದ್ರೂ ಬೇಜಾರಿತ್ತಾ? ಈಚೆಗೆ ಮಾತು ಕಮ್ಮಿ ಮಾಡಿದ್ಲು. ಯಾಕೆ ಅಂತ ನಾನೂ ಕೇಳ್ಲಿಲ್ಲ. ಏನಾದ್ರೂ ಹೇಳಿದ್ರೆ ನನಗೆ ಹೇಳಿಬಿಡಿ."

ನನ್ನ ಕೈ ಅಷ್ಟರಲ್ಲಿ ಅಭ್ಯಾಸಬಲದಿಂದ ಹಿಂಬದಿ ರಟ್ಟು ತೆರೆದಿತ್ತು. ಕೊನೆಯ ಐದು ಗೆರೆ ನೀಲಿಯಲ್ಲಿ ತುಂಬಿತ್ತು.

'ಎಲ್ಲರೂ ಇವನನ್ನು ಬೈದಿದ್ದೀರಿ. ಐದು ಭಾಗದಲ್ಲಿ ನನ್ನ ಮೈ ಬಿಸಿಯಾದದ್ದು ಈ ಹತ್ತೊಂಬತ್ತನೇ ಅಧ್ಯಾಯದಲ್ಲಿ ಮಾತ್ರ. ಇವತ್ತು ಏನೇನಾಯ್ತು ಎಂದು ನಲವತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಇನ್ನು ಮೇಲೆ ಬರೆಯುವುದಿಲ್ಲ. ಓದಬೇಕಾದವರು ಓದುವ ಹಾಗಿದ್ದರೆ ಇಷ್ಟು ಹೊತ್ತಿಗೆ ಓದಿರುತ್ತಿದ್ದರು. — ಕೊನೆಸಾಲು.'

ಪುಸ್ತಕ ಮುಚ್ಚಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಸತ್ತು ತಿಂಗಳಾಗಿರುವ ಮನುಷ್ಯನ ಕೈಗೆ ಇದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ಅಂಥದ್ದೇನೂ ಹೇಳಲಿಲ್ಲ, ನಿಮ್ಮ ಬಗ್ಗೆ ಒಳ್ಳೇದೇ ಆಡುತ್ತಿದ್ದಳು ಅಂದೆ. ಅವರು 'ಹೂಂ' ಅಂದು ಹೊರಟುಹೋದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಹಾಳೆ ತುಂಬಿದ್ದರಿಂದ ಪುಸ್ತಕ ಅವರ ಮೇಜಿಗೇ ಹೋಗಬೇಕಿತ್ತು. ಹೇಗೆ ಕಳಿಸಲಿ? ಅದೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಿಟ್ಟು ಕುದಿಸಿ ಅಂಟು ಮಾಡಿದೆ. ಹೊಸ ಹಾಳೆಯನ್ನು ನಾನೇ ಅಂಟಿಸಿದೆ. ಅಲ್ಲಲ್ಲಿ ಗಂಟು ಉಳಿಯಿತು, ಒಂದು ಮೂಲೆ ಸುಕ್ಕಾಯಿತು. ಅಂಗೈಯಿಂದ ಒತ್ತಿ, ಮೇಲೆ ನಾಲ್ಕು ನಿಘಂಟು ಹೇರಿದೆ. ಪಾಪ ಅವಳ ಕೊನೇ ಮಾತನ್ನು ಮುಚ್ಚಿದೆನಲ್ಲ ಎಂದು ಸಂಕಟವಾಯಿತು. ಬದುಕಿರುವವರ ನೆಮ್ಮದಿ ದೊಡ್ಡದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ.

ಪುಸ್ತಕ ಮತ್ತೆ ಓಡಾಡಿತು. ಒಂದೂವರೆ ತಿಂಗಳಲ್ಲಿ ಅದರ ಬೆನ್ನು ಕಿತ್ತುಬಂತು. ಹರಿದ ಪುಸ್ತಕಗಳ ಚೀಲದಲ್ಲಿ ಅದೂ ಸೇರಿ ಬೈಂಡರಣ್ಣನಲ್ಲಿಗೆ ಹೋದದ್ದು ನನ್ನ ಗಮನಕ್ಕೇ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಅವರು ಬಂದರು. ಲೈಬ್ರರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪುಸ್ತಕವನ್ನು ಕೌಂಟರಿನ ಮೇಲಿಟ್ಟು ಹಿಂಬದಿ ರಟ್ಟು ತೆರೆದರು. ನಾನು ಅಂಟಿಸಿದ ಹಾಳೆ ಇರಲಿಲ್ಲ. ಕೆಳಗಿನದು ಹಾಗೇ ಕಾಣುತ್ತಿತ್ತು, ಒಂದಕ್ಷರವೂ ಕೆಟ್ಟಿರಲಿಲ್ಲ.

"ಈ ಅಂಟು ನಂದಲ್ಲ" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬಡಬಡ ಶುರುಮಾಡಿದೆ. ನಿಮಗೆ ನೋವಾಗಬಾರದು ಅಂತ, ಆ ಹೊತ್ತಿನಲ್ಲಿ ಬುದ್ಧಿ ಓಡಲಿಲ್ಲ ಅಂತ, ಏನೇನೋ. ಬೈಂಡಿಂಗ್ ಮಾಡುವವನ ಕಣ್ಣಿಗೆ ಅಂಟಿನಿಂದ ಮಣ್ಣೆರಚಲು ಹೋಗಿದ್ದೆ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಅವರಿಗೆ ಸಿಟ್ಟು ಬಂದಿರಲಿಲ್ಲ. ಗಂಟು ಕೈಗೆ ತಗುಲಿತು, ಸರಿಮಾಡೋಣ ಎಂದು ಒದ್ದೆ ಬಟ್ಟೆ ಹಾಕಿ ಎಬ್ಬಿಸಿದೆ, ಕೆಳಗೆ ನೀಲಿ ಬಣ್ಣ ಕಂಡಿತು ಅಂದರು. ಅದು ತಾವು ಹಾಳೆ ಕತ್ತರಿಸುವ ಮುಂಚೆ ಗುರುತು ಹಾಕುವ ಪೆನ್ಸಿಲು. ಆಗಾಗ ಮೇಜಿನಿಂದ ಕಾಣೆಯಾಗುತ್ತಿತ್ತು. ಎಲ್ಲಿಟ್ಟೆ ಎಂದು ಅವಳ ಮೇಲೆ ರೇಗುತ್ತಿದ್ದರಂತೆ.

ಮತ್ತೆ ಅವರೇ ಕೇಳಿದರು. "ಕೊನೆಸಾಲು ಅಂತ ಯಾಕೆ ಹಾಕ್ಕೊಂಡಿದ್ಲು?"

ಕೊನೇ ಮಾತು ತನ್ನದಾಗಬೇಕು ಅನ್ನುವ ಹಟ, ಹಾಳೆ ತುಂಬುತ್ತಾ ಬಂದಿದ್ದರೆ ಮಾತ್ರ ಒಯ್ಯುತ್ತಿದ್ದಳು, ಹದಿನೈದು ವರ್ಷದಿಂದ ಹಾಗೇ ಎಂದು ನನ್ನ ಹಳೇ ತಮಾಷೆಯನ್ನೇ ಹೇಳಲು ಹೊರಟೆ. ಹೇಳುತ್ತಾ ಹೇಳುತ್ತಾ ನಾಲಿಗೆ ನಿಂತಿತು. ಹಾಳೆ ತುಂಬಿದ ಪುಸ್ತಕ ಎಲ್ಲಿಗೆ ಹೋಗುತ್ತದೆ? ಅವಳು ಬರೆದ ಮೇಲೆ ಆ ಹಾಳೆಯನ್ನು ತೆರೆಯುವ ಮೊದಲ ಕೈ ಯಾರದು? ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಇಷ್ಟು ವರ್ಷ ನನ್ನ ಕೌಂಟರಿನ ಮೂಲಕವೇ ಅವಳು ಗಂಡನಿಗೆ ಕಾಗದ ಕಳಿಸಿದ್ದಳು. ನಾನು ಅದನ್ನು ನೋಡಿ ಹಲ್ಲು ಕಿರಿಯುತ್ತಿದ್ದೆ.

ಬೈಂಡರಣ್ಣನಿಗೆ ನಾನು ಹೇಳುವುದೇನೂ ಉಳಿದಿರಲಿಲ್ಲ. ಅವರಿಗೆ ಆಗಲೇ ತಿಳಿದಿತ್ತು, ನನ್ನ ಬಾಯಿಂದ ಕೇಳಲು ಬಂದಿದ್ದರು.

"ನಾನು ಓದ್ತಿರ್ಲಿಲ್ಲ ಅಕ್ಕಾವ್ರೇ" ಅಂದರು. "ನಮ್ಮ ಮೇಷ್ಟ್ರು ಕಲಿಸಿದ್ದು. ಬೈಂಡರ್ ಆದವನು ಪುಸ್ತಕ ಹೊಲೀಬೇಕು, ಇನ್ನೊಬ್ರು ಬರೆದಿದ್ದನ್ನ ಓದಬಾರದು ಅಂತ. ಅದರಲ್ಲೂ ಹೆಂಗಸರು ತಮ್ಮ ಪಾಡಿಗೆ ಬರ್ಕೊಂಡಿರೋದು. ಮರ್ಯಾದೆ ಅಲ್ಲ ಅಂತ ಕಣ್ಣು ಬೇರೆ ಕಡೆ ಮಾಡ್ಕೊಂಡು ಅಂಟು ಹಚ್ತಿದ್ದೆ. ಅವಳು ಅಲ್ಲೇ ಒಳಬಾಗಿಲಲ್ಲಿ ನಿಂತು ನೋಡ್ತಿದ್ಲು. ಹಚ್ಚಿ ಮುಗಿಸೋವರೆಗೂ ನೋಡ್ತಿದ್ಲು. ಕೆಲಸ ನೋಡೋಕೆ ಇಷ್ಟ ಅಂದ್ಕೊಂಡಿದ್ದೆ."

ಆಮೇಲೆ ಕೌಂಟರಿನ ಅಂಚು ಹಿಡಿದುಕೊಂಡು ಅತ್ತರು. ಸದ್ದಿಲ್ಲದೆ, ಹೇಗೆ ಅಳಬೇಕೆಂದು ಗೊತ್ತಿಲ್ಲದವರ ಹಾಗೆ. ನಾನು ಸಮಾಧಾನ ಹೇಳಲಿಲ್ಲ. ಅವಳ ಮಾತು ಮುಚ್ಚಿದವರಲ್ಲಿ ನಾನೂ ಒಬ್ಬಳು.

ಅವಳು ಒಯ್ದ ಪುಸ್ತಕಗಳೆಲ್ಲ ರಿಜಿಸ್ಟರಿನಲ್ಲಿದ್ದವು. ಅವರು ಒಂದೊಂದಾಗಿ ಮನೆಗೆ ಒಯ್ದರು. ಒದ್ದೆ ಬಟ್ಟೆ ಹಾಕಿ, ಕಾದು, ಪದರ ಪದರವಾಗಿ ಹಾಳೆ ಎಬ್ಬಿಸಿದರು. ಕೆಲವು ಕಡೆ ಅಂಟು ಅಕ್ಷರಗಳನ್ನು ತಿಂದಿತ್ತು, ಅವರ ಅಂಟು ಅಷ್ಟು ಗಟ್ಟಿ. ಸಿಕ್ಕಿದ್ದನ್ನು ಬಂದು ನನಗೆ ಓದಿ ಹೇಳುತ್ತಿದ್ದರು. ಕಿನ್ನರರ ಮೊದಲ ಭಾಗದಲ್ಲಿ, ಅಂಟಿಸಿದ ಹಾಳೆಯ ಕೆಳಗೆ ಇದ್ದದ್ದು ಇಷ್ಟು: 'ರೆಕ್ಕೆ ಇರುವ ಗಂಡಸು ನನಗೆ ಬೇಡ. ಊಟಕ್ಕೆ ಕೂತಾಗ ಒಮ್ಮೆ ತಲೆ ಎತ್ತಿ ನೋಡಿದರೆ ಸಾಕು, ಇವತ್ತು ಹೊಸ ಸೀರೆ ಉಟ್ಟಿರುತ್ತೇನೆ.' ಅದನ್ನು ಓದಿದ ದಿನ ಅವರು ಸೀರೆ ಯಾವ ಬಣ್ಣದ್ದು ಎಂದು ನನ್ನನ್ನು ಕೇಳಿದರು. ನನಗೆ ನೆನಪಿರಲಿಲ್ಲ.

ಐದನೇ ಭಾಗ ಎಲ್ಲಕ್ಕಿಂತ ಕೊನೆಗೆ ವಾಪಸು ಬಂತು. ಬೆನ್ನು ಹೊಸದು, ಹೊಲಿಗೆ ಹೊಸದು. ಹಿಂಬದಿ ಹಾಳೆಯನ್ನು ಈ ಸಲ ಒಂದು ಅಂಚಿಗೆ ಮಾತ್ರ ಅಂಟಿಸಿದ್ದರು. ಎತ್ತಿದರೆ ಕೆಳಗಿನ ನೀಲಿ ಅಕ್ಷರ ಕಾಣುತ್ತದೆ. ಹೊಸ ಹಾಳೆಯ ಮೊದಲ ಗೆರೆಯಲ್ಲಿ, ಅದೇ ಪೆನ್ಸಿಲಿನಲ್ಲಿ, ಬರೆದು ರೂಢಿಯಿಲ್ಲದ ಕೈಯಿಂದ ಒಂದು ಸಾಲು ಇತ್ತು.

'ಇವತ್ತು ಏನೇನಾಯ್ತು, ಹೇಳು.'

ಅಡ್ಡಹೆಸರು ಹಾಕಿರಲಿಲ್ಲ. ಪುಸ್ತಕವನ್ನು ಕಪಾಟಿನಲ್ಲಿಟ್ಟೆ, ಜನ ಎಂದಿನಂತೆ ಒಯ್ಯುತ್ತಿದ್ದಾರೆ, ಎಂದಿನಂತೆ ದೊರೆಯನ್ನು ಬೈದು ಬರೆಯುತ್ತಿದ್ದಾರೆ. ನಾನು ಯಾರಿಗೂ ಏನೂ ಹೇಳಿಲ್ಲ. ಆದರೂ ಎಲ್ಲರೂ ಬರೆಯುವುದು ಮೂರನೇ ಗೆರೆಯಿಂದ. ಎರಡನೆಯದು ಖಾಲಿ ಇದೆ.