ಅಪ್ಪ ಹೇಳಿದ ತಂಡ

ನನ್ನ ಅಪ್ಪ ಬೀಗ ರಿಪೇರಿ ಮಾಡುವವರು. ನಮ್ಮ ರಸ್ತೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ‘ಕಾಮೆಂಟರಿ’. ಕೀ ಮಾಡುವ ಮಷೀನಿನ ಕಿರ್ರೆನ್ನುವ ಸದ್ದನ್ನೂ ಮೀರಿ ದನಿ ಏರಿಸಿ, ಹಿಂದಿನ ದಿನದ ಫುಟ್‌ಬಾಲ್ ಮ್ಯಾಚನ್ನು ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಒಪ್ಪಿಸುತ್ತಿದ್ದರು. ಕೀ ಮಾಡಿಸಲು ಬಂದವರು ಪೆನಾಲ್ಟಿ ಏನಾಯಿತೆಂದು ಕೇಳುತ್ತ ನಿಂತು, ಬಸ್ಸು ತಪ್ಪಿಸಿಕೊಂಡು, ಅಪ್ಪನನ್ನು ಬೈಯುತ್ತ ನಗುತ್ತ ಹೋಗುತ್ತಿದ್ದರು.

ಪ್ರತಿವರ್ಷ ಲೀಗ್ ಶುರುವಾಗುವ ಮುಂಚಿನ ಭಾನುವಾರ ಅಪ್ಪನ ಅಂಗಡಿಯಲ್ಲಿ ಮೂವರು ಸೇರುತ್ತಿದ್ದರು. ಅಪ್ಪ, ಪಕ್ಕದ ಅಂಗಡಿಯ ದರ್ಜಿ ಮಾವ, ಮತ್ತೆ ಸಿಟಿ ಬಸ್ ಓಡಿಸುವ ಡ್ರೈವರಣ್ಣ. ಈ ಸಲ ಚಾಂಪಿಯನ್ ಯಾರು, ಪೈಪೋಟಿಯಲ್ಲಿ ಕೊನೆತನಕ ಉಳಿಯುವವರು ಯಾರು ಎಂದು ಭವಿಷ್ಯ ಹೇಳುವುದೇ ಆವತ್ತಿನ ಕೆಲಸ. ಅಪ್ಪ ಗಿರಣಿ ತಂಡದ ಕಟ್ಟಾ ಅಭಿಮಾನಿ. ದರ್ಜಿ ಮಾವನ ಜೀವ ಬಂದರು ತಂಡದ ಮೇಲೆ. ಆ ಎರಡು ತಂಡಗಳದ್ದು ಹಾವು ಮುಂಗುಸಿ ಸಂಬಂಧ. ‘ಬಂದರು ಗೆಲ್ಲುತ್ತೆ’ ಎಂಬ ಮಾತು ಅಪ್ಪನ ಬಾಯಿಂದ ತಮಾಷೆಗೂ ಬಂದದ್ದಿಲ್ಲ.

ಆ ವರ್ಷ ಲೀಗಿಗೆ ಕೆಲವು ತಿಂಗಳಿರುವಾಗ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಆದರೆ ಹೇಳಬೇಕೆಂದ ಮಾತು ನಾಲಗೆಗೆ ಬರುತ್ತಿರಲಿಲ್ಲ. ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ: ‘ಇಲ್ಲ.’ ನೀರು ಬೇಕೆಂದರೂ ಇಲ್ಲ, ಕಿಟಕಿ ಮುಚ್ಚಬೇಕೆಂದರೂ ಇಲ್ಲ.

“ಇಷ್ಟು ವರ್ಷ ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತಿದ್ರು,” ಎಂದು ಅಮ್ಮ ಅವರಿಗೆ ಶರ್ಟ್ ತೊಡಿಸುತ್ತ ಹೇಳಿದಳು. “ಒಳಗೆ ಇಷ್ಟೊಂದು ‘ಇಲ್ಲ’ ಕೂಡಿಟ್ಟಿದ್ರು ಅಂತ ಈಗ ಗೊತ್ತಾಗ್ತಿದೆ.”

ಅಪ್ಪ ಅರ್ಧ ಬಾಯಲ್ಲಿ ನಕ್ಕರು. ಅಮ್ಮ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಅಪ್ಪನ ಮುಂದೆ ಕನ್ನಡಿ ಇಟ್ಟು, ತುಟಿ ಹೇಗೆ, ನಾಲಗೆ ಹೇಗೆ ಎಂದು ತೋರಿಸುತ್ತಿದ್ದಳು. ‘ಯಾವ ಮಾತಿನಿಂದ ಶುರುಮಾಡೋಣ?’ ಎಂದು ಕೇಳಿದಾಗ, ನಾನು ಗಿರಣಿ ತಂಡದ ಮಫ್ಲರ್ ತೋರಿಸಿದೆ. ಅಂದಿನಿಂದ ಅಪ್ಪ ಹಲ್ಲುಜ್ಜುವಾಗ, ಮೆಟ್ಟಿಲು ಹತ್ತುವಾಗ, ಬಚ್ಚಲಲ್ಲಿ ಕೂತಾಗ ‘ಗಿ... ಗಿ...’ ಅನ್ನುತ್ತಲೇ ಇರುತ್ತಿದ್ದರು. ಬೆವರು ಇಳಿಯುತ್ತಿತ್ತು, ಬಿಡುತ್ತಿರಲಿಲ್ಲ. ಬೀಗ ಎಷ್ಟೇ ತುಕ್ಕು ಹಿಡಿದಿದ್ದರೂ ಅದನ್ನು ಒಡೆದು ತೆಗೆಯದ ಮನುಷ್ಯ ಅವರು. ಆ ಹಟವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲೇ ಇಲ್ಲ.

ಲೀಗ್ ಹತ್ತಿರ ಬಂತು. ಈ ಸಲ ಭವಿಷ್ಯ ಬೇಡ ಎಂದು ದರ್ಜಿ ಮಾವನಿಗೆ ಹೇಳಲು ಹೋದೆ. “ಅಪ್ಪನಿಗೆ ಅವಮಾನ ಆಗತ್ತೆ ಮಾವ. ನೀವಿಬ್ಬರೂ ಮಾತಾಡ್ತೀರಿ, ಅವರು ಸುಮ್ಮನೆ ಕೂರಬೇಕು.”

ಮಾವ ಹೊಲಿಗೆ ನಿಲ್ಲಿಸಿದರು. “ಕರೀದೇ ಇದ್ರೆ ಅದಕ್ಕಿಂತ ದೊಡ್ಡ ಅವಮಾನ ಕಣಮ್ಮ. ಕರ್ಕೊಂಡು ಬಾ.”

ಭಾನುವಾರ ಅಂಗಡಿಯ ಬಾಗಿಲು ತೆಗೆದು, ಮಷೀನಿನ ಮೇಲಿನ ದೂಳು ಒರೆಸಿ, ಅಪ್ಪನನ್ನು ಅವರ ಸ್ಟೂಲಿನ ಮೇಲೆ ಕೂರಿಸಿದೆ. ಗೋಡೆ ತುಂಬ ಹಲ್ಲು ಕೊರೆಯದ ಕೀಗಳು ನೇತಾಡುತ್ತಿದ್ದವು. ಡ್ರೈವರಣ್ಣ ಯೂನಿಫಾರ್ಮಿನಲ್ಲೇ ಬಂದ.

“ಪೇಟೆ ತಂಡ ಮತ್ತೆ ಚಾಂಪಿಯನ್,” ಎಂದ ಅವನು. “ಹೋದ ಸಲದ ಟೀಮೇ ಇದೆ, ಜೊತೆಗೆ ಹೊಸ ಸ್ಟ್ರೈಕರ್ ಬೇರೆ.”

“ಇಲ್ಲ,” ಎಂದರು ಅಪ್ಪ.

“ಯಾಕಿಲ್ಲ? ಡಿಫೆನ್ಸ್ ಮುದಿಯಾಯ್ತು ಅಂತೀಯಾ?”

“ಇಲ್ಲ ಇಲ್ಲ.” ಅಪ್ಪ ಎಡಗೈಯಲ್ಲಿ ತಮ್ಮ ಮೊಣಕಾಲು ತಟ್ಟಿದರು.

“ಅರೇ, ಗೋಲ್‌ಕೀಪರ್ ಮೊಣಕಾಲು!” ಎಂದು ಮಾವ ಕೂಗಿದರು. “ನಿಜ ಕಣೋ, ಅವನಿಗೆ ಆಪರೇಷನ್ ಆಗಿದೆಯಲ್ಲ!”

ಹೀಗೇ ನಡೆಯಿತು. ರೈಲ್ವೆ ತಂಡಕ್ಕೆ ಅಪ್ಪ ಹಾಕಿದ ‘ಇಲ್ಲ’ದಲ್ಲಿ ಕನಿಕರವಿತ್ತು, ಬಂದರು ತಂಡದ ಕೋಚಿಗೆ ಹಾಕಿದ್ದರಲ್ಲಿ ಬೈಗುಳವೇ ಇತ್ತು. ಒಂದೇ ಮಾತಿನಲ್ಲಿ ಅವರು ಇಬ್ಬರ ಜೊತೆಗೂ ಸರಿಸಮಕ್ಕೆ ಜಗಳವಾಡಿದರು. ನಾನು ಬಾಗಿಲ ಹತ್ತಿರ ನಿಂತು ಬೆರಗಾಗಿ ನೋಡುತ್ತಿದ್ದೆ.

ಕೊನೆಗೆ ಮಾವ ಕೇಳಿದರು: “ಸರಿ, ನಿನ್ನ ಚಾಂಪಿಯನ್ ಯಾರು? ನೀನೇ ಹೇಳಬೇಕು. ನಿಧಾನಕ್ಕೆ ಹೇಳು, ನಮಗೇನೂ ಅವಸರ ಇಲ್ಲ.”

ಅಪ್ಪ ನೆಟ್ಟಗೆ ಕೂತರು. ಕಣ್ಣು ಮುಚ್ಚಿದರು. ಕತ್ತಿನ ನರ ಉಬ್ಬಿತು. ನಾನು ಮನಸ್ಸಿನಲ್ಲೇ ‘ಗಿ, ಗಿ’ ಅನ್ನುತ್ತಿದ್ದೆ. ತುಟಿ ಸೇರಿತು, ಬಿಚ್ಚಿತು.

“ಬಂದರು.”

ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದರು. ಡ್ರೈವರಣ್ಣ ಬಾಗಿಲ ಕಡೆ ತಿರುಗಿ, “ಯಾರು ಬಂದ್ರು?” ಎಂದ.

ಯಾರೂ ಬಂದಿರಲಿಲ್ಲ. ಅಪ್ಪನೇ ಬೆಚ್ಚಿಬಿದ್ದು ಬಾಯಿಗೆ ಕೈ ಹಿಡಿದಿದ್ದರು. ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರ ನೋಟ ದರ್ಜಿ ಮಾವನ ಮೇಲೆ ಬಿತ್ತು. ಮಾವ ಎದ್ದು ನಿಂತಿದ್ದರು. ಟೇಪು ಕತ್ತಿನಿಂದ ಜಾರಿ ನೆಲಕ್ಕೆ ಬಿದ್ದದ್ದೂ ಅವರಿಗೆ ತಿಳಿದಿರಲಿಲ್ಲ. ಆ ಮುಖದಲ್ಲಿದ್ದ ಸಂತೋಷವನ್ನು ಹೇಗೆ ಹೇಳಲಿ!

ಅಪ್ಪ ಬಾಯಿಂದ ಕೈ ತೆಗೆದರು. ಉಸಿರೆಳೆದುಕೊಂಡು ಇನ್ನೊಮ್ಮೆ ಹೇಳಿದರು: “ಬಂದರು.” ಹೇಳಿ, ತಲೆಯನ್ನೂ ಆಡಿಸಿದರು.

“ನೋಡಿದ್ರಾ? ಕಾಮೆಂಟರಿನೇ ಒಪ್ಪಿಕೊಂಡ!” ಎಂದು ಮಾವ ಅವರನ್ನು ತಬ್ಬಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. “ಇಷ್ಟು ವರ್ಷಕ್ಕೆ ನಿನಗೆ ಬುದ್ಧಿ ಬಂತಲ್ಲೋ!”

ಆ ಸೀಸನ್ನಿನಲ್ಲಿ ಬಂದರು ತಂಡ ಮುಗ್ಗರಿಸಿತು. ನಡುವಿನಲ್ಲಿ ಕೆಲವು ವಾರ ಮೇಲೇರಿ ಆಸೆ ಹುಟ್ಟಿಸಿ, ಕೊನೆಗೆ ನಾಲ್ಕನೆಯ ಜಾಗಕ್ಕೆ ಇಳಿಯಿತು. ಪೇಟೆ ತಂಡದ ಗೋಲ್‌ಕೀಪರನ ಮೊಣಕಾಲು ಗಟ್ಟಿಯಾಗಿಯೇ ಇತ್ತು, ಪೇಟೆಯವರೇ ಗೆದ್ದರು. ದರ್ಜಿ ಮಾವನಿಗೆ ಅದರ ಬೇಸರವೇ ಇರಲಿಲ್ಲ. ಪ್ಯಾಂಟ್ ಗಿಡ್ಡ ಮಾಡಿಸಲು ಬಂದವರಿಗೆಲ್ಲ ‘ಕಾಮೆಂಟರಿ ನಮ್ಮ ತಂಡದ ಹೆಸರು ಹೇಳಿದ’ ಎಂದು ಸಾರುತ್ತಿದ್ದರು. ಸಂಜೆ ಅಪ್ಪನ ಜೊತೆ ಕೂತು ಆಟಗಾರರ ಹೆಸರು ಹೇಳಿಸುತ್ತಿದ್ದರು, ಗಿರಣಿಯವರದ್ದನ್ನೂ ಸೇರಿಸಿ. ಆಸ್ಪತ್ರೆಯ ಹುಡುಗಿ ಕೂಡ ಅಷ್ಟು ಹೊತ್ತು ಕೂರಿಸಿರಲಿಲ್ಲ. ಲೀಗ್ ಮುಗಿಯುವ ಹೊತ್ತಿಗೆ ಅಪ್ಪ ಚಿಕ್ಕಚಿಕ್ಕ ಮಾತು ಜೋಡಿಸುತ್ತಿದ್ದರು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ನಾನು ಮಷೀನ್ ಓಡಿಸುತ್ತಿದ್ದೆ, ಅವರು ಎಡಗೈಯಲ್ಲಿ ಅರ ಹಿಡಿದು ಕೀಯ ಅಂಚು ನುಣುಪು ಮಾಡುತ್ತಿದ್ದರು. ಕೇಳಿಯೇಬಿಟ್ಟೆ: “ಅಪ್ಪಾ, ಆವತ್ತು ನಿಜವಾಗ್ಲೂ ಬಂದರು ಅಂತಲೇ ಹೇಳ್ಬೇಕು ಅಂದ್ಕೊಂಡಿದ್ರಾ?”

ಅರ ನಿಂತಿತು.

“ಮೊದಲು... ತಪ್ಪಿ ಬಂತು.” ತಡೆದರು, ಮಾತು ಹುಡುಕಿದರು. “ಆಮೇಲೆ ಅವನ ಮುಖ ನೋಡ್ದೆ. ವಾಪಸ್... ತಗೊಳ್ಳೋಕೆ ಆಗ್ಲಿಲ್ಲ.”

ಗೋಡೆಯಾಚೆ ಮಾವನ ಹೊಲಿಗೆ ಮಷೀನ್ ಸದ್ದು ಮಾಡುತ್ತಿತ್ತು. ಅಪ್ಪ ಆ ಕಡೆ ಗಲ್ಲ ತೋರಿಸಿ, “ಹೇಳ್ಬೇಡ,” ಎಂದರು.

ಇವತ್ತಿನವರೆಗೂ ಹೇಳಿಲ್ಲ.