ಉಂಡೇ ಬಂದೀನಿ

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತವೆ ಎಂದು ನಮ್ಮವ್ವನ ತಲೆಯಲ್ಲಿ ಯಾರು ತುಂಬಿದರೋ, ಅವರು ಕೈಗೆ ಸಿಕ್ಕಿದ್ದರೆ ಮೊದಲು ಅವರ ಹಲ್ಲನ್ನೇ ಕಿತ್ತುಬಿಡುತ್ತಿದ್ದೆ. ಅವ್ವನ ಎಡಗಡೆಯ ಮೇಲಿನ ದವಡೆಹಲ್ಲು ಹುಳುಕಾಗಿ ವರ್ಷದ ಮೇಲಾಗಿತ್ತು. ಅದಕ್ಕೆ ಲವಂಗ ಇಟ್ಟಳು, ತಂಬಾಕು ಇಟ್ಟಳು, ಸುಟ್ಟ ಬೆಳ್ಳುಳ್ಳಿ ಇಟ್ಟಳು. ಡಾಕ್ಟರ ಮುಂದೆ ಬಾಯಿ ತೆರೆ ಅಂದರೆ ಮಾತ್ರ ತುಟಿ ಬಿಗಿಹಿಡಿಯುತ್ತಿದ್ದಳು. ಕುರಿ ಮಾರಿದ ಮೇಲೆ ಆಕೆಗೆ ಉಳಿದದ್ದು ಕೌದಿ ಹೊಲಿಯುವ ಕೆಲಸವೊಂದೇ. ದೇವದುರ್ಗದ ನಮ್ಮ ಓಣಿಯಲ್ಲಿ ನಮ್ಮವ್ವ ಬಂಡೆಮ್ಮನ ಕೌದಿಯ ಮೇಲೆ ಮಲಗದ ಕೂಸಿಲ್ಲ. ಕಣ್ಣು ಹೋದರೆ ಹೊಲಿಗೆ ಹೋಯಿತು, ಹೊಲಿಗೆ ಹೋದರೆ ತಾನು ಮೂಲೆ ಸೇರಿದಂತೆ ಎಂಬುದು ಆಕೆಯ ಹೆದರಿಕೆ.

ನಾನು ಮಲ್ಲೇಶ್ವರಿ, ಆಕೆಯ ಹಿರಿಮಗಳು. ನನ್ನನ್ನು ಕೊಟ್ಟದ್ದು ಮಾನ್ವಿಗೆ. ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ, ಬಾಯಿ ಸ್ವಲ್ಪ ಜೋರು. ಹಲ್ಲುನೋವಿಗೆ ಅವ್ವ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರುತ್ತಾಳೆ ಎಂದು ತಮ್ಮ ಹಾಲೇಶ ಫೋನ್ ಮಾಡಿದಾಗ, ರಾಯಚೂರಿಗೆ ಕರೆದುಕೊಂಡು ಹೋಗಿ ಕೀಳಿಸೋಣ ಎಂದು ಹಟ ಹಿಡಿದವಳು ನಾನೇ.

"ಕಣ್ಣಿಗೆ ಏನರ ಆದ್ರ ಯಾರು ಜವಾಬ್ದಾರಿ ಅಕ್ಕಾ?" ಎಂದ ಹಾಲೇಶ. ಅವನೂ ಅದೇ ಕಥೆ ನಂಬಿದವನು.

"ನಾನ ಜವಾಬ್ದಾರಿ. ನೀ ಸುಮ್ಮ ಆಕಿನ್ನ ಕರ್ಕೊಂಡು ಬಾ," ಎಂದೆ.

ಮರುದಿನ ಬೆಳಿಗ್ಗೆ ಇಬ್ಬರೂ ದೇವದುರ್ಗದಿಂದ ಬಸ್ಸು ಹಿಡಿದು ಮಾನ್ವಿಗೆ ಬಂದರು. ನಾನು ಕೂಡಿಕೊಂಡು ಅಲ್ಲಿಂದ ರಾಯಚೂರಿನ ಬಸ್ಸು ಹಿಡಿಯಬೇಕಿತ್ತು. ಹಾಲೇಶ ಬಸ್ಸು ನೋಡಲು ನಿಲ್ದಾಣದಲ್ಲೇ ಉಳಿದ, ಅವ್ವ ಒಬ್ಬಳೇ ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದು ನನ್ನ ಮನೆಗೆ ಬಂದಳು.

"ಉಂಡ್ಯೇನು ಬೇ?" ಎಂದೆ.

"ಉಂಡೇ ಬಂದೀನಿ ಯವ್ವಾ," ಎಂದಳು.

ಬಸ್ಸು ಕಲ್ಲೂರು ದಾಟುವಾಗ ಅವ್ವ ಒಮ್ಮೆ ನನ್ನ ಕೈ ಹಿಡಿದು, ಕಿಟಕಿಯಾಚೆ ಎಳೆಬಿಸಿಲಲ್ಲಿ ನಿಂತ ಹತ್ತಿ ಹೊಲಗಳನ್ನು ಬಹಳ ಹೊತ್ತು ನೋಡಿದಳು. ನಾಳೆ ಇವು ಕಾಣುತ್ತವೋ ಇಲ್ಲವೋ ಎಂಬಂತೆ ನೋಡುತ್ತಿದ್ದಾಳೆ ಎಂದು ಗೊತ್ತಾಗಿ ನನಗೆ ನಗು ಬಂತು, ಸಿಟ್ಟೂ ಬಂತು.

ರಾಯಚೂರಿನ ಹಲ್ಲಿನ ಡಾಕ್ಟರು ಕುಬ್ರಾ ಬೇಗಂ. ಐವತ್ತು ದಾಟಿದ ಹೆಂಗಸು, ಮಾತು ಬಿಗಿ, ಕೈ ಮೆತ್ತಗೆ. ಅವ್ವನ ಬಾಯಿಯೊಳಗೆ ಕನ್ನಡಿ ಆಡಿಸಿ ಕೇಳಿದರು, "ಏನು ಹಚ್ಚಿ ಹಲ್ಲು ತಿಕ್ಕತೀರಿ ಯವ್ವಾ?"

"ಬೂದಿರಿ. ಒಮ್ಮೊಮ್ಮಿ ಉಪ್ಪು."

"ಶುಗರ್ ಅದ ಏನ್ರಿ?"

"ಅದ ರೀ, ಮುಂಜಾನಿ ಗುಳಿಗಿ ತಗೊಂಡಾಳ," ಎಂದ ಹಾಲೇಶ.

"ಶುಗರ್ ಇದ್ದವರಿಗೆ ಒಸಡು ಲಗೂ ಕೆಡತಾವ. ವರ್ಷಕ್ಕ ಎರಡು ಸರ್ತಿ ಬಾಯಿ ತೋರಸ್ಬೇಕು. ನೀವು ಹಲ್ಲು ಬುಡಮಟ ಹೋಗೂತನಕ ಕುಂತು ಬಂದೀರಿ," ಎಂದು ನನ್ನನ್ನೇ ಗದರಿದರು. ವರ್ಷವಿಡೀ ಬಡಿದಾಡಿದವಳಿಗೇ ಬೈಗುಳ. ಹಾಲೇಶ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತ ನಿಂತುಬಿಟ್ಟ, ತನಗೂ ಇದಕ್ಕೂ ಸಂಬಂಧವೇ ಇಲ್ಲದವನಂತೆ.

ಆಮೇಲೆ ಅವರು ಅವ್ವನ ಬೆರಳು ಚುಚ್ಚಿ ಶುಗರ್ ನೋಡಿದರು. "ಸರಿ ಅದ, ಆದ್ರ ಹೆಚ್ಚೇನಿಲ್ಲ. ಉಂಡೀರಲ್ಲ?"

"ಆತ್ರಿ," ಎಂದಳು ಅವ್ವ.

ಡಾಕ್ಟರು ನನ್ನ ಕಡೆ ತಿರುಗಿದರು. ನಾನೂ ಹೌದೆಂದು ತಲೆ ಆಡಿಸಿದೆ, ಹಾಲೇಶನೂ ಆಡಿಸಿದ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮುಂಚೆ ಬಂದವರೊಬ್ಬರ ಕೆಲಸ ಅರ್ಧಕ್ಕೆ ನಿಂತು, ನಾವು ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂರಬೇಕಾಯಿತು. ಕರೆಂಟ್ ಬಂದು ಅವ್ವನ ಪಾಳಿ ಬರುವಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಕುರ್ಚಿಯಲ್ಲಿ ಒರಗಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು ಡಾಕ್ಟರು ಉಪಕರಣ ಜೋಡಿಸಲು ತಿರುಗಿದರು. ನಾನು ಅವ್ವನ ಪಕ್ಕದಲ್ಲಿದ್ದೆ. ಹಾಲೇಶ ಬಾಗಿಲಲ್ಲಿ ನಿಂತಿದ್ದ.

ಮೊದಲು ಅವ್ವನ ಕೈ ಒದ್ದೆಯಾಯಿತು. ಹೆದರಿಕೆಯ ಬೆವರು ಎಂದುಕೊಂಡೆ. ಆಮೇಲೆ ಹಣೆ, ಕುತ್ತಿಗೆ, ಕುಪ್ಪಸ ಎಲ್ಲ ನೆನೆದವು. ಏನೋ ಅಂದಳು, ಅರ್ಥವಾಗಲಿಲ್ಲ. ಕೆನ್ನೆ ಮರಗಟ್ಟಿದ್ದಕ್ಕೆ ಮಾತು ತೊದಲುತ್ತಿದೆ ಎಂದುಕೊಂಡೆ. ಬಗ್ಗಿ ಕಿವಿ ಕೊಟ್ಟೆ.

"ಮಲ್ಲೀ, ಲೈಟ್ ಯಾಕ ಆರಿಸೀರಿ?"

ಲೈಟು ಆಕೆಯ ಮುಖದ ಮೇಲೇ ಉರಿಯುತ್ತಿತ್ತು.

ಆಕೆಯ ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಕೈ ಆಡಿಸಿದೆ, ರೆಪ್ಪೆ ಮಿಟುಕಲಿಲ್ಲ. ಆ ಕ್ಷಣ ನಾನೂ ನಂಬಿದೆ. ಮೇಲಿನ ಹಲ್ಲು, ಕಣ್ಣಿನ ನರ, ಊರವರೆಲ್ಲ ಹೇಳಿದ್ದು ನಿಜ, ನಾನೊಬ್ಬಳೇ ಬುದ್ಧಿವಂತಳೆಂದು ಮೆರೆದು ನನ್ನವ್ವನ ಕಣ್ಣು ಕಳೆದೆ.

"ಡಾಕ್ಟರ್," ಎಂದೆ. ನಾನು ಅವ್ವನ ಕಣ್ಣ ಮುಂದೆ ಕೈ ಆಡಿಸಿದ್ದನ್ನು ಹಾಲೇಶ ಬಾಗಿಲಿಂದಲೇ ನೋಡಿದ್ದ.

"ಕಣ್ಣು ಹೋದ್ವು. ನನ್ನ ಅವ್ವನ ಕಣ್ಣು ಹೋದ್ವು," ಎನ್ನುತ್ತ ಅವನು ಒಳಗೆ ನುಗ್ಗಿದ. ಡಾಕ್ಟರ ಕೈಯ ತಟ್ಟೆ ಬಿದ್ದು ಇಕ್ಕಳ, ಕನ್ನಡಿ ನೆಲದ ಮೇಲೆ ಚೆಲ್ಲಿದವು. ಬೆಂಚಿನ ಮೇಲಿದ್ದವರು ಬಾಗಿಲಿಗೆ ಬಂದು ತುಂಬಿಕೊಂಡರು. ಮ್ಯಾಲಿನ ಹಲ್ಲಿಗೆ ಕೈ ಹಚ್ಚಬಾರದಿತ್ತು ಎಂದು ಯಾರೋ ಅಂದರು, ಬಿಡಬ್ಯಾಡ್ರಿ ಎಂದು ಇನ್ಯಾರೋ ಅಂದರು. ಹಾಲೇಶ ಡಾಕ್ಟರಿಗೂ ಬಾಗಿಲಿಗೂ ನಡುವೆ ನಿಂತ. ಅವನು ಕೈ ಎತ್ತಿದರೆ ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ.

ಕುಬ್ರಾ ಬೇಗಂ ಅವನನ್ನು ನೋಡಲೇ ಇಲ್ಲ. ಕುರ್ಚಿ ಮಲಗಿಸಿ, ಅವ್ವನ ಕಾಲು ಎತ್ತರಿಸಿ, ನಾಡಿ ಹಿಡಿದರು. ಅವರ ಮುಖವೂ ಬಿಳಿಚಿತ್ತು.

"ಹಲ್ಲು ಇನ್ನಾ ಕಿತ್ತಿಲ್ಲಪಾ, ಅಲ್ಲೇ ಅದ. ಈ ಸೂಜಿಗೆ ಕಣ್ಣು ಹೋಗೂದಿಲ್ಲ. ನಾನು ಕೇಳಿದ್ದಕ್ಕ ಜವಾಬು ಕೊಡ್ರಿ. ಮುಂಜಾನಿ ಏನು ಉಂಡಾರ?"

"ಉಂಡಾಳ ಅಂದ್ವಿಲ್ಲೇನ್ರಿ," ಎಂದು ಹಾಲೇಶ ಕೂಗಿದ.

"ಏನು ಉಂಡಾರ? ಕಣ್ಣಾರೆ ಯಾರು ನೋಡೀರಿ?"

"ಅಕ್ಕನ ಮನ್ಯಾಗ ಉಂಡಾಳ್ರಿ. ಮಗಳ ಮನ್ಯಾಗ ಉಣ್ಣತೀನಿ ಅಂತ ನಮ್ಮ ಮನಿ ಬಿಟ್ಟಾಳ."

ನಾನು ಅವನ ಮುಖ ನೋಡಿದೆ. "ನನ್ನ ಮನ್ಯಾಗ ಎಲ್ಲಿ ಉಂಡ್ಳೋ? ನಿಮ್ಮ ಮನ್ಯಾಗ ಉಂಡೇ ಬಂದೀನಿ ಅಂದ್ಳಲ್ಲ."

ನಮ್ಮ ಕಡೆ ಉಂಡಿರಾ ಅಂದರೆ ಆತು ಅನ್ನುವುದು ನಮಸ್ಕಾರಕ್ಕೆ ನಮಸ್ಕಾರ ಹೇಳಿದ ಹಾಗೆ. ಹೊಟ್ಟೆ ತುಂಬಿದವರೂ ಅದನ್ನೇ ಅನ್ನುತ್ತಾರೆ, ಖಾಲಿ ಇದ್ದವರೂ ಅದನ್ನೇ ಅನ್ನುತ್ತಾರೆ, ಎದುರಿನವರಿಗೆ ತೊಂದರೆ ಆಗಬಾರದೆಂದು. ಅವ್ವ ಸೊಸೆಗೆ ಒಂದು ಹೇಳಿ, ಮಗಳಿಗೆ ಒಂದು ಹೇಳಿ, ಡಾಕ್ಟರಿಗೂ ಅದೇ ಮರ್ಯಾದೆ ಮಾಡಿದ್ದಳು. ಖಾಲಿ ಹೊಟ್ಟೆಯಲ್ಲಿ ಶುಗರ್ ಗುಳಿಗೆ ಮಾತ್ರ ಬೆಳಗಿನಿಂದ ತನ್ನ ಕೆಲಸ ಮಾಡುತ್ತಲೇ ಇತ್ತು.

ಡಾಕ್ಟರು ಮತ್ತೊಮ್ಮೆ ಬೆರಳು ಚುಚ್ಚಿದರು. ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಅವ್ವನ ಗಂಟಲಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಹಾಲೇಶ ಸಕ್ಕರೆ ನೀರು ಕುಡಿಸಲು ಹೋದ, ಅವರು ಅವನ ಕೈ ತಡೆದರು. "ಎಚ್ಚರಿಲ್ಲ ಆಕಿಗೆ. ಉಸಿರಿಗೆ ಹೋಗತದ. ತೋಳು ಗಟ್ಟಿ ಹಿಡೀರಿ."

ನಾನು ತೋಳು ಹಿಡಿದೆ. ಮುದುಕಿಯ ನರ, ಸೂಜಿ ತಾಗಿದೊಡನೆ ಜಾರುತ್ತಿತ್ತು. ಒಂದು ಸಲ ತಪ್ಪಿತು. ಇನ್ನೊಂದು ಸಲವೂ ತಪ್ಪಿತು. ಹಾಲೇಶ ಗೋಡೆಗೆ ಮುಖ ಮಾಡಿ ನಿಂತ. ಮೂರನೆಯ ಸಲ ಸೂಜಿಯೊಳಗೆ ಕೆಂಪು ಕಂಡಿತು, ಡಾಕ್ಟರು ಉಸಿರು ಬಿಗಿಹಿಡಿದು ಗ್ಲೂಕೋಸ್ ಮೆಲ್ಲಗೆ ಒಳಗೆ ತಳ್ಳಿದರು. ಏನೂ ಆಗಲಿಲ್ಲ. ನಾನು ಅವ್ವನ ಕಣ್ಣನ್ನೇ ನೋಡುತ್ತಿದ್ದೆ. ಯಾವ ದೇವರ ಹೆಸರೂ ಆಗ ನೆನಪಿಗೆ ಬರಲಿಲ್ಲ.

ಆಮೇಲೆ ಆಕೆಯ ರೆಪ್ಪೆ ಮಿಟುಕಿದವು. ಕಣ್ಣುಗುಡ್ಡೆ ಲೈಟಿನ ಕಡೆ ಹೊರಳಿ, ಕುಕ್ಕಿದಂತಾಗಿ ಕಣ್ಣು ಮುಚ್ಚಿಕೊಂಡವು.

"ಕಣ್ಣಿಗೆ ಯಾಕ ಹಿಡೀತೀರಿ ಅದನ್ನ?" ಎಂದಳು ಅವ್ವ.

ನಾನು ಅಲ್ಲೇ ಕುಸಿದು ಕೂತು ಅತ್ತೆ. ಜೋರುಬಾಯಿಯವಳು ಅಳುವುದೂ ಜೋರೇ. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಬೆಂಚಿಗೆ ಮರಳಿದರು. ಬಿಡಬ್ಯಾಡ್ರಿ ಅಂದವರು ಯಾರೆಂದು ಕೇಳಿದ್ದರೆ ಒಬ್ಬರೂ ಒಪ್ಪುತ್ತಿರಲಿಲ್ಲ. ಹಾಲೇಶ ನೆಲದ ಮೇಲೆ ಚೆಲ್ಲಿದ್ದನ್ನೆಲ್ಲ ಆರಿಸಿ ತಟ್ಟೆಗಿಟ್ಟ.

"ತಪ್ಪಾತ್ರಿ," ಎಂದ.

"ಅದೆಲ್ಲ ಆಮ್ಯಾಲ. ಮೊದಲು ಅವ್ವಗ ಇಡ್ಲಿ ತರ್ರಿ. ಹಲ್ಲು ಇವತ್ತು ಮುಟ್ಟೂದಿಲ್ಲ ನಾನು," ಎಂದರು ಡಾಕ್ಟರು. ಕೈ ತೊಳೆಯುವ ನೆಪ ಮಾಡಿ ನಲ್ಲಿ ಬಿಟ್ಟು ಬಹಳ ಹೊತ್ತು ಅಲ್ಲೇ ನಿಂತರು.

ಹಾಲೇಶ ಇಡ್ಲಿ ತರಲು ಹೋದ. ಗಂಡಾಂತರ ಕಳೆಯಿತಲ್ಲ, ನನಗೆ ಈಗ ಸಿಟ್ಟು ಬಂತು.

"ಯಾವಾಗ ಉಂಡಿದ್ದಿ ಬೇ, ಖರೇ ಹೇಳು."

"ನಿನ್ನಿ ಮುಂಜಾನಿ ಚಾದಾಗ ರೊಟ್ಟಿ ಅದ್ದಿ ತಿಂದಿದ್ದೆ. ರಾತ್ರಿ ಬಾಯಿ ತೆರಿಯಾಕ ಆಗವಲ್ದಾತು."

"ನಿನ್ನ ಸೊಸಿ ಲಲಿತಾಗ ಹೇಳಬೇಕಿಲ್ಲೇನು? ಆಕಿ ಹೊರಗಿನಾಕಿಯೇನು?"

"ಪಾಪ, ನಸುಕಿನ್ಯಾಗ ಎದ್ದು ರೊಟ್ಟಿ ಬಡದಿದ್ಳು. ಅಗಿಯಾಕ ಬರೂದಿಲ್ಲ ಅಂದ್ರ ಮತ್ತ ಅನ್ನಕ್ಕ ಇಡತಿದ್ಳು. ಅದಕ್ಕ ಮಗಳ ಮನ್ಯಾಗ ಉಣ್ಣತೀನಿ ಅಂದೆ."

"ಮತ್ತ ಮಗಳ ಮನ್ಯಾಗ ಏನಾಗಿತ್ತು ನಿನಗ? ಅನ್ನ ಇತ್ತು, ಸಾರು ಇತ್ತು. ನಾನು ಬಾಯಿ ಬಿಟ್ಟು ಕೇಳಿದ್ನಿಲ್ಲೇನು ಉಂಡ್ಯೇನು ಅಂತ?"

ಅವ್ವನ ದನಿಯಲ್ಲಿ ದೂರು ಇರಲಿಲ್ಲ.

"ಕೇಳಿದಿ ಯವ್ವಾ. ಬಾಗಿಲಿಗೆ ಕೀಲಿ ಹಾಕಿ ಕೇಳಿದಿ."

ಬಸ್ಸು ತಪ್ಪೀತೆಂದು ಬಾಗಿಲು ಹಾಕಿ, ಒಂದು ಕಾಲು ಓಣಿಯಲ್ಲಿಟ್ಟು ಕೇಳಿದ್ದು ನಿಜ. ಆಕೆ ಉಂಡಿಲ್ಲ ಅಂದಿದ್ದರೆ ನಾನು ಆಗ ಏನನ್ನುತ್ತಿದ್ದೆನೋ ನನಗೇ ಗೊತ್ತಿಲ್ಲ. ಹಾಲೇಶ ಪೊಟ್ಟಣ ತಂದುಕೊಟ್ಟ. ನಾನು ಅದನ್ನು ಬಿಚ್ಚಿ, ಇಡ್ಲಿಯನ್ನು ಸಾಂಬಾರಿನಲ್ಲಿ ಮೆತ್ತಗೆ ಕಿವುಚಿ, ಮರಗಟ್ಟದ ಬಲಗಡೆ ಮೊದಲ ತುತ್ತು ಇಟ್ಟೆ.